ತಂಗಳು ಎಂದರೆ ಮೂಗು ಮುರಿಯಬೇಡಿ

ಡಿಸೆಂಬರ್ ಮುಗಿಯುತ್ತಾ ಬಂತೆಂದರೆ ಸಾಕು, ಇಂಗ್ಲಿಷಿನ ಅಡುಗೆ ಪುಟಗಳಲ್ಲೆಲ್ಲಾ ಒಂದೇ ಮಾತು. ಕ್ರಿಸ್‌ಮಸ್ಸಿಗೆ ಬೇಯಿಸಿದ ಹ್ಯಾಮು ಉಳಿದಿದೆ, ವಾರವಿಡೀ ರಾತ್ರಿ ಊಟಕ್ಕೆ ಅದರಲ್ಲಿ ಏನೇನು ಮಾಡಬಹುದು? ಹ್ಯಾಮ್ ಅಂದರೆ ಉಪ್ಪಿನಲ್ಲಿ ಹದ ಮಾಡಿದ ಹಂದಿಯ ತೊಡೆ. ಇಡೀ ತೊಡೆಯನ್ನು ಒಂದೇ ಹೊತ್ತಿಗೆ ತಿಂದು ಮುಗಿಸಲು ಯಾವ ಮನೆಗಾದರೂ ಆದೀತೆ? ಹಾಗಾಗಿ ಒಂದು ದಿನ ಬಟಾಣಿ ಸೂಪು, ಇನ್ನೊಂದು ದಿನ ಮೊಟ್ಟೆಯ ಜೊತೆ, ಮತ್ತೊಂದು ದಿನ ಆಲೂಗಡ್ಡೆಯ ಜೊತೆ, ಕೊನೆಗೆ ಮೂಳೆಯನ್ನೂ ಬಿಡದೆ ಕುದಿಸಿ ಕುಡಿಯುತ್ತಾರೆ. ಇದನ್ನು ಅವರು ಮುಚ್ಚಿಡುವುದಿಲ್ಲ. ಫೋಟೋ ತೆಗೆದು ಹಾಕಿ ಹೆಮ್ಮೆ ಪಡುತ್ತಾರೆ!

ನಮ್ಮಲ್ಲಿ? "ನಿನ್ನೆಯ ಸಾರೇ ಇವತ್ತೂ" ಎಂದು ಪಕ್ಕದ ಮನೆಯವರ ಮುಂದೆ ಹೇಳಲು ನಾಲಿಗೆ ಏಳುವುದಿಲ್ಲ.

ಹ್ಯಾಮು ನಮ್ಮ ಕಡೆಯ ಪದಾರ್ಥವಲ್ಲ, ಬಿಡಿ. ಕೊಯಮತ್ತೂರು, ತಿರುಪ್ಪೂರು ಕಡೆ ಆ ಜಾಗದಲ್ಲಿರುವುದು ಭಾನುವಾರದ ಮಟನ್ನು. ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ವಾರದ ಕೂಲಿ ಸಿಗುವುದು ಸಾಮಾನ್ಯವಾಗಿ ಶನಿವಾರ. ಭಾನುವಾರ ಬೆಳಿಗ್ಗೆ ಕಸಾಯಿ ಅಂಗಡಿಯ ಮುಂದೆ ಸಾಲು. ಈಗ ಮಟನ್ ಕಿಲೋಗೆ ಎಂಟುನೂರರ ಆಚೆ. ಅರ್ಧ ಕಿಲೋ ತಂದರೂ ಕೂಲಿಯವರಿಗೆ ಅದು ವಾರದ ದೊಡ್ಡ ಖರ್ಚು. ಮಧ್ಯಾಹ್ನ ಹೊಟ್ಟೆ ತುಂಬಾ ಊಟ, ಸಂಜೆ ನೆಂಟರು, ರಾತ್ರಿಗೆ ಪಾತ್ರೆಯ ತಳದಲ್ಲಿ ನಾಲ್ಕು ತುಂಡು, ಎರಡು ಸೌಟು ಗಸಿ. ಅದನ್ನು ಏನು ಮಾಡುವುದು? ನನ್ನ ಮಾತು ಅದರ ಬಗ್ಗೆ.

ನಾನಿರುವ ತಾಳವಾಡಿ ಕಡೆಯಿಂದ ದಿಂಬಂ ಘಾಟಿಯ 27 ತಿರುವು ಇಳಿದು ಕೆಲಸಕ್ಕೆ ಹೋದವರು ತುಂಬಾ ಮಂದಿ. ಕನ್ನಡದಲ್ಲಿ ಅಆಇಈ ಕಲಿತ ನಮ್ಮ ಹುಡುಗಿಯರು ಈಗ ತಿರುಪ್ಪೂರಿನಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಾರೆ. ಅಲ್ಲಿ 'ಒಂದೂವರೆ ಶಿಫ್ಟು' ಅನ್ನುವುದು ದಿನಬಳಕೆಯ ಮಾತು. ಬೆಳಿಗ್ಗೆ ಎಂಟೂವರೆಗೆ ಒಳಗೆ ಹೋದರೆ ಹೊರಗೆ ಬರುವುದು ರಾತ್ರಿ ಎಂಟೂವರೆಗೆ. ಅವರಲ್ಲೊಬ್ಬಳು ಹಬ್ಬಕ್ಕೆ ಊರಿಗೆ ಬಂದಾಗ ಹೇಳಿದಳು: "ಮೇಷ್ಟ್ರೇ, ಬಂದು ಕಾಲು ತೊಳ್ಕಂಡು ಒಲೆ ಹಚ್ಚೋ ಹೊತ್ಗೆ ಒಂಬತ್ತು. ಆಗ ಮಸಾಲೆ ಅರೀತಾ ಕೂತ್ರೆ ಮಕ್ಕಳು ಮಲ್ಗೇ ಬಿಡ್ತವೆ. ನಿನ್ನೇದು ಏನಾದ್ರೂ ಇದ್ರೆ ಅದೇ ದೇವ್ರು. ಆದ್ರೆ ಅತ್ತೆಗೆ ತಂಗಳು ಅಂದ್ರೆ ಆಗಲ್ಲ."

ಆಗಲ್ಲ ಅನ್ನುವ ಅತ್ತೆ ಒಲೆಯ ಮುಂದೆ ಕೂರುವುದಿಲ್ಲ, ಅದು ಬೇರೆ ಮಾತು! ಆದರೂ ಆ ಅತ್ತೆಯನ್ನು ಸುಮ್ಮನೆ ಬೈದರೆ ಪ್ರಯೋಜನವಿಲ್ಲ. ಆಕೆಯ ಮನಸ್ಸಿನಲ್ಲಿರುವ ಅಸಹ್ಯಕ್ಕೆ ಒಂದು ಚರಿತ್ರೆ ಇದೆ.

ಭಾಷೆ ಕಲಿಸುವವನಾದ್ದರಿಂದ ಮೊದಲು ಪದಗಳನ್ನೇ ನೋಡೋಣ. ಕನ್ನಡದಲ್ಲಿ ತಂಗಳು ಬೇರೆ, ಹಳಸಿದ್ದು ಬೇರೆ, ಎಂಜಲು ಬೇರೆ. ತಂಗಳು ಎಂದರೆ ರಾತ್ರಿ ಕಳೆದ ಅಡುಗೆ, ಅಷ್ಟೇ. ಹಳಸಿದ್ದು ಎಂದರೆ ಕೆಟ್ಟುಹೋದದ್ದು. ಎಂಜಲು ಎಂದರೆ ಒಬ್ಬರು ಬಾಯಿ ಹಾಕಿ ಬಿಟ್ಟದ್ದು. ನಮ್ಮ ಹಿರಿಯರು ಮೂರಕ್ಕೆ ಮೂರು ಪದ ಇಟ್ಟುಕೊಂಡಿದ್ದರು, ಏಕೆಂದರೆ ಅವು ಮೂರು ಬೇರೆ ಬೇರೆ ವಸ್ತುಗಳು. ಈಗ ನಾವು ಮೂರನ್ನೂ ಒಂದೇ ಬುಟ್ಟಿಗೆ ಹಾಕಿ ಮೂಗು ಮುಚ್ಚಿಕೊಳ್ಳುತ್ತೇವೆ. ತಮಿಳಿನವರು 'ಪಳಯದು' ಅಂದರೆ ಹಳೆಯದು ಎನ್ನುತ್ತಾರೆ. ಆ ಪದದಲ್ಲೂ ಕೆಟ್ಟದ್ದು ಎಂಬ ಅರ್ಥ ಇಲ್ಲ.

ಹಾಗಾದರೆ ಈ ಅವಮಾನ ಎಲ್ಲಿಂದ ಬಂತು? ಹಿಂದೆ ಹೊಲದಲ್ಲಿ ದುಡಿಯುವವರಿಗೆ ಗೌಡರ ಮನೆಯ ಹಿತ್ತಿಲಲ್ಲಿ ಸಿಗುತ್ತಿದ್ದದ್ದು ತಂಗಳು. ತಾವು ಬಿಸಿಯದು ಉಂಡು, ನಿನ್ನೆಯದನ್ನು ಮೇಲಿನಿಂದ ಸುರಿಯುತ್ತಿದ್ದರು. ಅದನ್ನು ಕಂಡವರಿಗೆ, ಅದನ್ನೇ ಉಂಡು ಬೆಳೆದವರಿಗೆ, ತಂಗಳು ಎಂಬ ಪದ ಕೇಳಿದರೆ ಮೈ ಉರಿಯುವುದು ನ್ಯಾಯವೇ. 'ನನ್ನ ಮಕ್ಕಳು ಬಿಸಿ ಅನ್ನವನ್ನೇ ಉಣ್ಣಲಿ' ಎಂಬ ಹಟದಲ್ಲಿ ಸ್ವಾಭಿಮಾನ ಇದೆ. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ಆದರೆ ಒಂದು ವ್ಯತ್ಯಾಸ ಇದೆ, ಯೋಚಿಸಿ. ನಮಗೆ ಬೇಡವಾದದ್ದನ್ನು ಇನ್ನೊಬ್ಬರ ತಟ್ಟೆಗೆ ಹಾಕಿದರೆ ಅದು ಅವಮಾನ. ನಾವೇ ದುಡಿದು ತಂದದ್ದನ್ನು, ನಾವೇ ಅಟ್ಟದ್ದನ್ನು, ಮನೆಯವರೆಲ್ಲಾ ಒಟ್ಟಿಗೆ ಕೂತು ಮಾರನೆಯ ದಿನ ಉಂಡರೆ ಅದು ಜಾಣತನ. ತಪ್ಪು ಇದ್ದದ್ದು ಅನ್ನದಲ್ಲಲ್ಲ, ಬಡಿಸಿದ ಕೈಯಲ್ಲಿ.

ಇನ್ನೊಂದು ತಮಾಷೆ ನೋಡಿ. ಗಾಂಧಿಪುರಂ ಬಸ್‌ಸ್ಟ್ಯಾಂಡಿನ ಸುತ್ತ ರಾತ್ರಿ ಹೊತ್ತು ಟಣ್ ಟಣ್ ಸದ್ದು ಕೇಳಿದ್ದೀರಲ್ಲ? ಕೊತ್ತು ಪರೋಟ! ಪರೋಟವನ್ನು ಕಲ್ಲಿನ ಮೇಲೆ ಹಾಕಿ, ಈರುಳ್ಳಿ, ಮೊಟ್ಟೆ, ಸಾಲ್ನಾ ಸುರಿದು ಕೊತ್ತುತ್ತಾರೆ. ಹೊತ್ತಾಗಿ ಗಟ್ಟಿಯಾದ ಪರೋಟಕ್ಕೆ, ಉಳಿದ ಗಸಿಗೆ ಇದಕ್ಕಿಂತ ಒಳ್ಳೆಯ ಗತಿ ಇಲ್ಲ. ಹೋಟೆಲಿನವನು ಮಾಡಿದರೆ ದುಡ್ಡು ಕೊಟ್ಟು ತಿನ್ನುತ್ತೇವೆ. ಅದೇ ಕೆಲಸ ಮನೆಯಲ್ಲಿ ಹೆಂಡತಿ ಮಾಡಿದರೆ ತಂಗಳು! ನಮ್ಮ ಚಿತ್ರಾನ್ನ ಮತ್ತೇನು? ರಾತ್ರಿಯ ಅನ್ನ ಉದುರುದುರಾಗಿದ್ದರೇ ಅದು ಸರಿಯಾಗಿ ಬರುವುದು.

ದೂರದವರನ್ನು ನೋಡಿದರೆ ಇನ್ನೂ ಧೈರ್ಯ ಬರುತ್ತದೆ. ಒಡಿಶಾದವರು ನೀರಲ್ಲಿ ನೆನೆಸಿದ ಅನ್ನಕ್ಕೆ 'ಪಖಾಳ' ಎಂದು ಹೆಸರಿಟ್ಟು, ಮಾರ್ಚ್ 20ನ್ನು ಅದರ ದಿನವೆಂದೇ ಆಚರಿಸುತ್ತಾರೆ. 2021ರಲ್ಲಿ ಆಸ್ಟ್ರೇಲಿಯಾದ ಮಾಸ್ಟರ್‌ಶೆಫ್ ಸ್ಪರ್ಧೆಯ ಕೊನೆಯ ಸುತ್ತಿನಲ್ಲಿ ಬಾಂಗ್ಲಾ ಮೂಲದ ಕಿಶ್ವರ್ ಚೌಧುರಿ ಅದೇ ಬಗೆಯ 'ಪಾಂತಾ ಭಾತ್' ಮಾಡಿ ಬಡಿಸಿದರು. ಮೂರನೆಯ ಸ್ಥಾನವೂ ಬಂತು. ನಮ್ಮಜ್ಜಿ ಹಸಿ ಈರುಳ್ಳಿ ಕಚ್ಚಿಕೊಂಡು ಉಣ್ಣುತ್ತಿದ್ದ ನೀರನ್ನದ ಅಕ್ಕನೇ ಅದು!

ಸರಿ, ಭಾಷಣ ಸಾಕು. ಸೋಮವಾರ ರಾತ್ರಿ ಒಂಬತ್ತಕ್ಕೆ ಒಲೆ ಹಚ್ಚುವವರಿಗೆ ಕೆಲಸಕ್ಕೆ ಬರುವ ಮಾತು ಹೇಳುತ್ತೇನೆ.

ಮೊದಲ ಉಪಾಯ ಕರಿದೋಸೆ. ಕರಿ ಎಂದರೆ ತಮಿಳಿನಲ್ಲಿ ಬಾಡು. ಮದುರೆ ಕಡೆ ಇದು ಪ್ರಸಿದ್ಧ. ಉಳಿದ ಮಟನ್ ತುಂಡುಗಳ ಮೂಳೆ ತೆಗೆದು ಸಣ್ಣಗೆ ಬಿಡಿಸಿ, ಗಸಿಯ ಜೊತೆ ಬಾಣಲೆಯಲ್ಲಿ ನೀರು ಇಂಗುವವರೆಗೆ ಹುರಿಯಿರಿ. ದಪ್ಪ ದೋಸೆ ಹಾಕಿ, ಮೇಲೆ ಮೊಟ್ಟೆ ಒಡೆದು ಹರಡಿ, ಹುರಿದ ಬಾಡು ಉದುರಿಸಿ ಮಗುಚಿ ಹಾಕಿದರೆ ಆಯಿತು. ನಾಲ್ಕು ತುಂಡು ಮಟನ್ನು ನಾಲ್ಕು ಜನಕ್ಕೆ ಸಾಕಾಗುವ ದಾರಿ ಇದು. ಗ್ರೈಂಡರಿಗೆ ಹೆಸರಾದ ಕೊಯಮತ್ತೂರು ಸೀಮೆಯಲ್ಲಿ ಹಿಟ್ಟಿಗೇನು ಬರ? ತಮಿಳುನಾಡು ಸರ್ಕಾರ 2011ರಿಂದ ಮಿಕ್ಸಿ, ಗ್ರೈಂಡರು, ಫ್ಯಾನು ಪುಕ್ಕಟೆ ಹಂಚಿದ ಮೇಲಂತೂ ಎಷ್ಟೋ ಬಡವರ ಮನೆಗೆ ಗ್ರೈಂಡರು ಬಂದಿದೆ. ಭಾನುವಾರ ಒಮ್ಮೆ ರುಬ್ಬಿದರೆ ಮೂರು ರಾತ್ರಿಯ ಚಿಂತೆ ಇಲ್ಲ.

ಎರಡನೆಯದು ಕೊಂಗುನಾಡಿನ ಅರಿಸಿ ಪರುಪ್ಪು ಸಾದಂ, ನಮ್ಮ ಮಾತಿನಲ್ಲಿ ಅಕ್ಕಿಬೇಳೆ ಅನ್ನ. ಒಂದು ಲೋಟ ಅಕ್ಕಿಗೆ ಕಾಲು ಲೋಟ ತೊಗರಿಬೇಳೆ. ಸಾಸಿವೆ, ಜೀರಿಗೆ, ಒಣಮೆಣಸಿನಕಾಯಿ, ಕರಿಬೇವಿನ ಒಗ್ಗರಣೆಗೆ ಸಾಂಬಾರ್ ಈರುಳ್ಳಿ, ಬೆಳ್ಳುಳ್ಳಿ, ಟೊಮೆಟೊ, ಅರಿಸಿನ ಹಾಕಿ ಬಾಡಿಸಿ, ಮೂರೂವರೆ ಲೋಟ ನೀರು ಹಾಕಿ ಕುಕ್ಕರಿನಲ್ಲಿ ಮೂರು ನಾಲ್ಕು ಸೀಟಿ ಕೂಗಿಸಿ. ಮಟನ್ ಗಸಿ ಉಳಿದಿದ್ದರೆ ಅಷ್ಟು ನೀರು ಕಡಿಮೆ ಮಾಡಿ ಅದನ್ನೇ ಸುರಿಯಿರಿ. ಅರ್ಧ ಗಂಟೆಯಲ್ಲಿ ಊಟ. ಮೇಲೆ ಊತ್ತುಕುಳಿ ಬೆಣ್ಣೆ ಕಾಯಿಸಿದ ತುಪ್ಪ ಒಂದು ಚಮಚ ಬಿದ್ದರೆ... ಬರೆಯುವಾಗಲೇ ಬಾಯಲ್ಲಿ ನೀರು!

ಬಾಡು ತಿನ್ನದವರಿಗೆ ಇಡ್ಲಿ ಉಪ್ಪಿಟ್ಟು ಇದ್ದೇ ಇದೆ. ರಾಗಿಮುದ್ದೆ ಉಳಿದರೆ ನೀರಲ್ಲಿ ಹಾಕಿಟ್ಟು ಬೆಳಿಗ್ಗೆ ಮಜ್ಜಿಗೆಯಲ್ಲಿ ಕಿವುಚಿ ಕುಡಿಯುವುದು ನಮ್ಮವರಿಗೆ ಹೊಸದೇನಲ್ಲ.

ಆದರೆ ಇಲ್ಲೊಂದು ಎಚ್ಚರ ಬೇಕು. ಜಾಣತನ ಜಿಪುಣತನವಾಗಬಾರದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇಷ್ಟು: ಬೇಯಿಸಿದ್ದನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿಡಬಾರದು. ಫ್ರಿಜ್ಜಿನಲ್ಲಿ 5 ಡಿಗ್ರಿಗಿಂತ ಕೆಳಗೆ ಇರಬೇಕು. ಮತ್ತೆ ಉಣ್ಣುವಾಗ ಒಳಗಿನವರೆಗೂ ಚೆನ್ನಾಗಿ ಬಿಸಿಯಾಗಬೇಕು. 'ಕುದಿಸಿದರೆ ಎಲ್ಲಾ ಸರಿಹೋಗುತ್ತೆ' ಎಂಬುದು ಅರ್ಧ ಸತ್ಯ. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣು ಬಿಡುವ ಒಂದು ವಿಷ ಕುದಿಸಿದರೂ ಹೋಗುವುದಿಲ್ಲ. ನೀರನ್ನದಲ್ಲಿ ಹುಳಿ ಏರುವುದರಿಂದ ಸ್ವಲ್ಪ ರಕ್ಷಣೆ ಸಿಗುತ್ತದೆ. ಮಟನ್ನಿಗೆ ಆ ರಕ್ಷಣೆ ಇಲ್ಲ.

ಆದ್ದರಿಂದ ಒಂದು ಅಭ್ಯಾಸ ಮಾಡಿಕೊಳ್ಳಿ. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಎತ್ತಿಡಬೇಡಿ. ಬಡಿಸುವ ಮೊದಲೇ ನಾಳೆಯ ಪಾಲನ್ನು ಸಣ್ಣ ಡಬ್ಬಿಗೆ ತೆಗೆದು, ಬಿಸಿ ಆರಿದ ಕೂಡಲೇ ಫ್ರಿಜ್ಜಿಗೆ ಇಡಿ. ಆಗ ಅದು 'ಉಳಿದದ್ದು' ಆಗುವುದಿಲ್ಲ, 'ಉಳಿಸಿದ್ದು' ಆಗುತ್ತದೆ! ಕನ್ನಡದ ವ್ಯಾಕರಣವೇ ನಿಮ್ಮ ಕಡೆಗಿದೆ. ಫ್ರಿಜ್ಜಿಲ್ಲದ ಲೈನ್ ಮನೆಯವರು ಬಾಡನ್ನು ಮಾರನೆಯ ದಿನಕ್ಕೆ ಇಡುವ ಸಾಹಸ ಮಾಡದಿರುವುದೇ ಒಳ್ಳೆಯದು. ಅದಕ್ಕೆಂದೇ ಹಿರಿಯರು ಉಪ್ಪುಕಂಡಂ ಮಾಡುತ್ತಿದ್ದರು. ಹಸಿ ಮಟನ್ನಿಗೆ ಉಪ್ಪು ಅರಿಸಿನ ಸವರಿ, ದಾರಕ್ಕೆ ಪೋಣಿಸಿ, ಬಿಸಿಲಲ್ಲಿ ಗರಿಗರಿ ಒಣಗಿಸುವುದು. ಹ್ಯಾಮೂ ಅದೇ ಉಪ್ಪಿನ ಬುದ್ಧಿಯೇ ತಾನೇ?

ಇನ್ನು ಕೊನೆಯ ಮಾತು, ಇದು ಸ್ವಲ್ಪ ಖಾರ. ತಂಗಳನ್ನು ಹೊಗಳುತ್ತಾ ನಾನು ಒಂದೂವರೆ ಶಿಫ್ಟನ್ನು ಹೊಗಳುತ್ತಿಲ್ಲ. ಹನ್ನೆರಡು ಗಂಟೆ ದುಡಿದು ಬಂದವಳಿಗೆ 'ಸುಲಭ ಅಡುಗೆ' ಹೇಳಿಕೊಟ್ಟು ಕೈ ತೊಳೆದುಕೊಂಡರೆ ಅದು ಮೋಸ. ಮೊದಲು ಕೇಳಬೇಕಾದದ್ದು, ಮನೆಯಲ್ಲಿರುವ ಉಳಿದ ಕೈಗಳು ಏನು ಮಾಡುತ್ತಿವೆ ಎಂದು. ಆರೂವರೆಗೇ ಮನೆಗೆ ಬರುವ ಗಂಡ ಕುಕ್ಕರಿಗೆ ಅಕ್ಕಿಬೇಳೆ ಹಾಕಲಾರನೇ? ಏಳನೇ ಕ್ಲಾಸಿನ ಹುಡುಗನಿಗೆ ಒಂದು ಲೋಟಕ್ಕೆ ಕಾಲು ಲೋಟ ಎಂಬ ಲೆಕ್ಕ ಬರುವುದಿಲ್ಲವೇ? ಭಿನ್ನರಾಶಿ ಕಲಿಸುವಾಗ ನಾನು ಈ ಅಕ್ಕಿಬೇಳೆ ಲೆಕ್ಕವನ್ನೇ ಕೊಡುತ್ತೇನೆ. ಹುಡುಗರು ನಗುತ್ತಾರೆ, ಆದರೆ ಉತ್ತರ ಸರಿ ಬರೆಯುತ್ತಾರೆ.

2022ರಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ಹಾಳಾಯಿತು, ಅದರಲ್ಲಿ ನೂರಕ್ಕೆ ಅರವತ್ತು ಪಾಲು ಮನೆಗಳಿಂದಲೇ ಎಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ವರದಿ ಹೇಳುತ್ತದೆ. ಅಷ್ಟು ದೊಡ್ಡ ಲೆಕ್ಕ ನಮ್ಮ ಪಾತ್ರೆಯ ತಳಕ್ಕೆ ಇಳಿಯುವುದು ಕಷ್ಟ. ಆದರೆ ಒಬ್ಬ ತಾಯಿ ರಾತ್ರಿ ಹತ್ತರ ಬದಲು ಒಂಬತ್ತೂವರೆಗೆ ಮಕ್ಕಳ ಜೊತೆ ಕೂತು ಉಣ್ಣುವ ಹಾಗಾದರೆ, ಆ ಅರ್ಧ ಗಂಟೆ ಯಾವ ಟನ್ನಿಗೂ ಕಡಿಮೆಯಲ್ಲ. ಅದಕ್ಕೆ ಬೇಕಾದದ್ದು ಒಂದು ಡಬ್ಬಿ, ಮನೆಯಲ್ಲಿ ಇನ್ನೊಂದು ಜೊತೆ ಕೈ, ಮತ್ತು 'ನಿನ್ನೆಯದೇ' ಎಂದು ನಾಚಿಕೆಯಿಲ್ಲದೆ ಹೇಳುವ ಧೈರ್ಯ.

ನಿಮ್ಮ ಮನೆಯಲ್ಲಿ ಸೋಮವಾರ ರಾತ್ರಿ ಏನು? ಒಲೆ ಹಚ್ಚುವವರು ಯಾರು?