ದೂರದ ನೆಪ ಇನ್ನು ನಡೆಯದು

"ಕೊಚ್ಚಿ, ತಿರುವನಂತಪುರಗಳಲ್ಲಿ ಮಕ್ಕಳಿಗೆ ಕನ್ನಡ ಕಲಿಸುವುದೆಂತು? ಶಾಲೆಯಿಲ್ಲ, ಅಧ್ಯಾಪಕರಿಲ್ಲ, ಕಾಸರಗೋಡು ದೂರ." ಕನ್ನಡಿಗರು ನಾಲ್ವರು ಸೇರಿದಲ್ಲೆಲ್ಲ ಕೇಳಿಬರುವ ಮಾತಿದು. ಒಂದು ಕಾಲದಲ್ಲಿ ಇದಕ್ಕೆ ಅರ್ಥವಿತ್ತು. 2020ರ ನಂತರ ಇಲ್ಲವೆಂದು ನಾವು ಖಂಡಿತವಾಗಿ ಹೇಳುತ್ತೇವೆ.

ಕೊರೋನಾದಿಂದ ಶಾಲೆಗಳು ಮುಚ್ಚಿದ್ದಾಗ, ಆ ವರ್ಷದ ಜೂನ್ 1ರಂದು, ಕೇರಳ ಸರಕಾರ ವಿಕ್ಟರ್ಸ್ ವಾಹಿನಿಯಲ್ಲಿ 'ಫಸ್ಟ್ ಬೆಲ್' ಪಾಠಗಳನ್ನು ಆರಂಭಿಸಿತು. 2005ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಉದ್ಘಾಟಿಸಿದ್ದ ವಾಹಿನಿಯದು. ಕಾಸರಗೋಡಿನ ಮಕ್ಕಳಿಗಾಗಿ ಕನ್ನಡ ಮಾಧ್ಯಮದ ಪಾಠಗಳೂ ಸಿದ್ಧವಾದವು. ಕರಿಹಲಗೆಯ ಮುಂದೆ ಪಾಠ ಹೇಳಿದ ಅಧ್ಯಾಪಕರು ಕ್ಯಾಮರಾದ ಮುಂದೆ ನಿಂತರು. ಪಾಠಗಳು ಯೂಟ್ಯೂಬಿಗೂ ಬಂದವು. ಮಂಜೇಶ್ವರದ ಮನೆಯಲ್ಲಿ ಕಾಣುವ ಪಾಠ ಎರ್ನಾಕುಲಂನ ಕ್ವಾರ್ಟರ್ಸಿನಲ್ಲೂ ಕಾಣುವಂತಾಯಿತು. ಆದರೆ ನಮ್ಮವರ ಎಷ್ಟು ಮನೆಗಳಲ್ಲಿ ಅದನ್ನು ತೆರೆದು ನೋಡಿದರು? ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕಾಗಿ ಊರೆಲ್ಲ ಅಲೆಯುವುದೆಂದರೆ ಇದೇ ಅಲ್ಲವೇ?

ಹಾಗೆಂದು, ಯಂತ್ರವೇ ಗುರುವೆಂದು ನಂಬುವವರೊಡನೆಯೂ ನಮಗೆ ಜಗಳವಿದೆ. ಟಿ.ವಿ. ಪಾಠ ಹೇಳೀತು, ಮಗುವಿನ ಸಂದೇಹ ಕೇಳಿಸಿಕೊಳ್ಳದು. ಪಾಠ ಮುಗಿದ ಮೇಲೆ ಫೋನಿನಲ್ಲಿ ವಿಚಾರಿಸಿದವರು, ವಾಟ್ಸಾಪಿನಲ್ಲಿ ಬಂದ ನೋಟುಬುಕ್ಕಿನ ಚಿತ್ರ ನೋಡಿ ತಪ್ಪು ತಿದ್ದಿದವರು ಅಧ್ಯಾಪಕರೇ. ಟಿ.ವಿ. ಇಲ್ಲದ ಮನೆಗಳ ಮಕ್ಕಳಿಗೆ ಗ್ರಂಥಾಲಯಗಳೂ ಅಂಗನವಾಡಿಗಳೂ ಬಾಗಿಲು ತೆರೆದವು. 2021ರಲ್ಲಿ, ಮಕ್ಕಳೂ ಅಧ್ಯಾಪಕರೂ ಪರಸ್ಪರ ಮಾತನಾಡಬಲ್ಲ 'ಜಿ ಸ್ವೀಟ್' ವ್ಯವಸ್ಥೆಯನ್ನೂ ಶಾಲೆಗಳಿಗೆ ತರಲಾಯಿತು. ಉಪಕರಣ ಸರಕಾರದ್ದು, ಅದಕ್ಕೆ ಜೀವ ತುಂಬಿದವರು ಅಧ್ಯಾಪಕರು.

ಆದುದರಿಂದ ನಮ್ಮ ಬೇಡಿಕೆ ಸರಳ. ಸಂಘವು ಕಾಸರಗೋಡಿನ ನಿವೃತ್ತ ಕನ್ನಡ ಅಧ್ಯಾಪಕರೊಬ್ಬರನ್ನು ಗೌರವಧನ ಕೊಟ್ಟು ಗೊತ್ತುಮಾಡಲಿ. ಹತ್ತು ಮಕ್ಕಳು, ವಾರಕ್ಕೊಂದು ಗಂಟೆ, ಮನೆಯ ಫೋನಿನಲ್ಲೇ ಪಾಠ. ತಂದೆಯೋ ತಾಯಿಯೋ ಪಕ್ಕದಲ್ಲಿ ಕುಳಿತು ಅಕ್ಷರ ತಿದ್ದಿಸಲಿ. ಹಣವೆಲ್ಲಿ ಎನ್ನುವವರಿಗೆ ಉತ್ತರ: ರಾಜ್ಯೋತ್ಸವದ ಊಟದಲ್ಲಿ ಒಂದು ಸಿಹಿ ಕಡಿಮೆಯಾದರೆ ಕನ್ನಡಕ್ಕೆ ನಷ್ಟವಿಲ್ಲ.

"ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಮಾತನಾಡುತ್ತಾರಲ್ಲ, ಅಷ್ಟು ಸಾಲದೇ?" ಎಂದು ಕೇಳುವವರಿದ್ದಾರೆ. ಸಾಲದು. ಶಾಲೆಯಲ್ಲಿ ಮಲಯಾಳವನ್ನೂ ಹಿಂದಿಯನ್ನೂ ಇಂಗ್ಲಿಷನ್ನೂ ಓದಿ ಬರೆಯುವ ಮಗುವಿಗೆ ಕನ್ನಡ ಬರೀ ಅಡುಗೆಮನೆಯ ಮಾತಾಗಿ ಉಳಿದರೆ, ಅದರ ಮಕ್ಕಳಿಗೆ ಅದೂ ಉಳಿಯದು. ಪ್ರತಿ ತಿಂಗಳೂ ಮನೆಗೆ ಬರುವ ಈ ಪತ್ರಿಕೆಯನ್ನು ಇನ್ನು ಇಪ್ಪತ್ತು ವರ್ಷಗಳ ಮೇಲೆ ಬಿಡಿಸಿ ಓದುವವರು ಯಾರು? ಬಾಂಧವರು ಯೋಚಿಸಲಿ, ಯೋಚಿಸಿ, ಬರುವ ಭಾನುವಾರವೇ ಮಕ್ಕಳ ಹೆಸರು ಬರೆಸಲಿ.