ಜಿಲ್ಲೆ ಬದಲಾದರೆ ಸಾಲದು

ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ ಸೇರಿತು. ಎರಡನೆಯ ಬದಲಾವಣೆಯ ಹಿಂದೆ 371(ಜೆ) ವಿಧಿಯ ಸೌಲಭ್ಯಗಳ ನಿರೀಕ್ಷೆ ಇತ್ತು. ನೇಮಕಾತಿಯಲ್ಲಿ ಸ್ಥಳೀಯರಿಗೆ ಮೀಸಲಾತಿ ಕಲ್ಪಿಸುವ ಈ ವಿಧಿಯು, ನೇಮಕಗೊಂಡ ವೈದ್ಯರನ್ನು ತಾಲ್ಲೂಕಿನಲ್ಲಿ ಉಳಿಸಿಕೊಡಲಾರದು. 2012ರ ಕಡ್ಡಾಯ ಸೇವಾ ಕಾಯ್ದೆಯಡಿ ಬರುವವರ ಅವಧಿಯೂ ಒಂದೇ ವರ್ಷ. ಊರಿನ ಪರಿಚಯ ಆಗುವಷ್ಟರಲ್ಲಿ ಅವರು ಹೊರಟಿರುತ್ತಾರೆ. ಅರಿವಳಿಕೆ ತಜ್ಞರಿಲ್ಲದ ದಿನ ಹೆರಿಗೆ ಕಷ್ಟವಾದರೆ, ಜಿಲ್ಲೆಯ ಹೆಸರು ಏನೇ ಇರಲಿ, ಗರ್ಭಿಣಿಯನ್ನು ದಾವಣಗೆರೆಗೇ ಒಯ್ಯಬೇಕು.

ಕೊರತೆ ಸಂಖ್ಯೆಯದ್ದಷ್ಟೇ ಅಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಆಡಳಿತ ವೈದ್ಯಾಧಿಕಾರಿಯ ಹೊಣೆ ಸಾಮಾನ್ಯವಾಗಿ ಹಿರಿಯ ತಜ್ಞರೊಬ್ಬರ ಹೆಗಲೇರುತ್ತದೆ. ಶಸ್ತ್ರಚಿಕಿತ್ಸೆ ನಡೆಸಬೇಕಾದವರು ಔಷಧ ಖರೀದಿಯ ಕಡತ, ಹೊರಗುತ್ತಿಗೆ ನೌಕರರ ವೇತನದ ಬಿಲ್ಲುಗಳ ನಡುವೆ ಕಳೆದುಹೋಗುತ್ತಾರೆ. ಇರುವ ಒಬ್ಬ ತಜ್ಞರನ್ನೂ ಹೀಗೆ ಗುಮಾಸ್ತಿಕೆಗೆ ಹಚ್ಚುವುದು ಎಂಥ ಮಿತವ್ಯಯವೋ!

ಚಿಕಿತ್ಸೆಯೇ ಬೇರೆ, ಆರೋಗ್ಯಾಡಳಿತವೇ ಬೇರೆ ಎಂಬುದು ಈ ಸೀಮೆಗೆ ಹೊಸ ವಿಚಾರವಲ್ಲ. 1953ರವರೆಗೆ ಬಳ್ಳಾರಿ ಜಿಲ್ಲೆಯನ್ನು ಆಳಿದ ಮದ್ರಾಸ್ 1939ರಲ್ಲೇ ಸಾರ್ವಜನಿಕ ಆರೋಗ್ಯ ಕಾಯ್ದೆ ರೂಪಿಸಿತ್ತು. ತಮಿಳುನಾಡು ಇಂದಿಗೂ ಸಾರ್ವಜನಿಕ ಆರೋಗ್ಯಕ್ಕೆ ಪ್ರತ್ಯೇಕ ನಿರ್ದೇಶನಾಲಯವನ್ನೂ ಅದರದೇ ಅಧಿಕಾರಿವರ್ಗವನ್ನೂ ಉಳಿಸಿಕೊಂಡಿದೆ. 2017ರ ರಾಷ್ಟ್ರೀಯ ಆರೋಗ್ಯ ನೀತಿಯೂ ಇಂಥ ವರ್ಗವನ್ನು ಪ್ರತಿಪಾದಿಸಿದೆ.

ರಾಜ್ಯ ಸರ್ಕಾರ ಹಿಂದುಳಿದ ತಾಲ್ಲೂಕುಗಳ ಆಸ್ಪತ್ರೆಗಳಿಗಾದರೂ ತರಬೇತಿ ಪಡೆದ ಆಡಳಿತಾಧಿಕಾರಿಗಳನ್ನು ನೇಮಿಸಿ, ತಜ್ಞರನ್ನು ರೋಗಿಗಳ ಬಳಿಗೆ ಮರಳಿಸಬೇಕು. ಅಲ್ಲಿಗೆ ಹೋಗುವ ವೈದ್ಯರಿಗೆ, ಶುಶ್ರೂಷಕರಿಗೆ ವಾಸಯೋಗ್ಯ ವಸತಿಗೃಹ ಮತ್ತು ಕನಿಷ್ಠ ಮೂರು ವರ್ಷ ಎತ್ತಂಗಡಿ ಇಲ್ಲದ ಭರವಸೆ ಕೊಡುವುದಕ್ಕೆ ಮತ್ತೊಂದು ಸಮಿತಿಯ ವರದಿ ಬೇಕಿಲ್ಲ.