ಹೊಸ ಬೈಕು ಮತ್ತು ಪರಿಗ್ರಹದ ಪರಿಮಾಣ

ತುಳಸಿಗೇರಿಯ ಹನುಮಪ್ಪನ ಗುಡಿಯ ಮುಂದೆ ಶನಿವಾರ ನಿಲ್ಲುವ ವಾಹನಗಳ ನಡುವೆ ದೂರಪ್ರಯಾಣದ ದೊಡ್ಡ ಬೈಕುಗಳೂ ಈಗ ಕಾಣಸಿಗುತ್ತವೆ. ಆ ಭಾಗದ ಶ್ರಾವಕ ಮನೆತನದ ತರುಣರೊಬ್ಬರು ಈಚೆಗೆ ಕೇಳಿದರು: ಚೆನ್ನಾಗಿಯೇ ಓಡುವ ಬೈಕು ಮನೆಯಲ್ಲಿದೆ, ಅದಕ್ಕಿಂತ ವೇಗದ, ಸುಖಾಸನದ ಹೊಸ ಮಾದರಿ ಬಂದಿದೆ, ಕೊಂಡರೆ ಅಪರಿಗ್ರಹಕ್ಕೆ ಕುಂದೇ?

ಕೊಳ್ಳಬೇಡಿ ಎಂದುಬಿಡುವುದು ಸುಲಭ. ಆದರೆ ಜೈನಾಚಾರವು ಗೃಹಸ್ಥನಿಂದ ಸರ್ವಸ್ವತ್ಯಾಗವನ್ನು ಕೇಳುವುದಿಲ್ಲ. ಮುನಿಗೆ ಮಹಾವ್ರತ, ಗೃಹಸ್ಥನಿಗೆ ಅಣುವ್ರತ. ತನಗೆ ಇಷ್ಟು ಸಾಕೆಂದು ಮುಂಚಿತವಾಗಿಯೇ ಗೆರೆ ಎಳೆದುಕೊಳ್ಳುವುದು ಪರಿಗ್ರಹ ಪರಿಮಾಣ. ತತ್ತ್ವಾರ್ಥಸೂತ್ರವಂತೂ ಪರಿಗ್ರಹದ ಬೇರನ್ನು ಮೂರ್ಛೆಯಲ್ಲಿ, ಅಂದರೆ ಮಮಕಾರದಲ್ಲಿ ಕಾಣುತ್ತದೆ. ಹಳೆಯದನ್ನೇ ಇಟ್ಟುಕೊಂಡು ನಡುರಾತ್ರಿಯವರೆಗೆ ಹೊಸದರ ವಿಡಿಯೊ ನೋಡುತ್ತ ಕೂರುವವನೂ ಪರಿಗ್ರಹಿಯೇ.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಈ ವ್ರತದ ಅತಿಚಾರಗಳನ್ನು ಎಣಿಸುವಾಗ ಅತಿವಾಹನವನ್ನೂ ವಿಸ್ಮಯವನ್ನೂ ಹೆಸರಿಸುತ್ತದೆ. ಲೋಭದಿಂದ ಎತ್ತುಗಳನ್ನು ಶಕ್ತಿ ಮೀರಿ ಓಡಿಸುವುದು ಅತಿವಾಹನ. ಪರರ ಸಿರಿಯನ್ನು ಕಂಡು ಬೆರಗಾಗಿ ಒಳಗೇ ಕುದಿಯುವುದು ವಿಸ್ಮಯ. ಎತ್ತಿನ ಕಾಲ ಹೋಯಿತೆಂದು ಮೊದಲನೆಯದನ್ನು ಬದಿಗಿಟ್ಟರೂ ಎರಡನೆಯದು ಹೆದ್ದಾರಿಯ ಪ್ರತಿ ಢಾಬಾದ ಮುಂದೆಯೂ ಎದುರಾಗುತ್ತದೆ. ಪಕ್ಕದಲ್ಲಿ ಬಂದು ನಿಂತ ಬೈಕನ್ನು ನೋಡಿದ ಕ್ಷಣ ನಮ್ಮದು ಹಳತಾಯಿತು ಅನ್ನಿಸುವುದಿಲ್ಲವೇ?

ತೀರ್ಥಯಾತ್ರೆಗೆ ಬೇಕು ಎಂಬುದು ತರುಣರ ಇನ್ನೊಂದು ಮಾತು. ಬಾದಾಮಿಯ ನಾಲ್ಕನೆಯ ಗುಹೆಯಲ್ಲಿ ಬಳ್ಳಿ ಹಬ್ಬಿಸಿಕೊಂಡು ನಿಂತ ಬಾಹುಬಲಿಯನ್ನು, ಐಹೊಳೆಯ ಮೇಗುತಿಯಲ್ಲಿ ರವಿಕೀರ್ತಿ 634ರಲ್ಲಿ ಬರೆಸಿದ ಶಾಸನವನ್ನು ನೋಡಿಬರಲು ತುಳಸಿಗೇರಿಯಿಂದ ಹಳೆಯ ಬೈಕೇ ಧಾರಾಳ ಸಾಕು. ದಿಕ್ಕುಗಳಿಗೂ ಮಿತಿ ಹಾಕಿಕೊಳ್ಳುವ ದಿಗ್ವ್ರತವನ್ನು ಇಟ್ಟುಕೊಂಡ ಪರಂಪರೆ ನಮ್ಮದು. ವರ್ಷಕ್ಕೆ ಎಷ್ಟು ದಿನ ನಿಜವಾಗಿ ದೂರ ಹೋಗುತ್ತೇವೆಂದು ಮೊದಲು ಲೆಕ್ಕ ಹಾಕಬೇಕು.

ಲೆಕ್ಕದಲ್ಲಿ ಸೇರದ ಇನ್ನೊಂದು ಸಂಗತಿಯಿದೆ. ಸೂಕ್ಷ್ಮಜೀವಿಗಳ ಹಿಂಸೆಯಾದೀತೆಂದು ಸೂರ್ಯಾಸ್ತದೊಳಗೆ ಊಟ ಮುಗಿಸುವ ಮನೆಯ ಮಗನೇ ಮಳೆಗಾಲದ ಸಂಜೆ ವೇಗವಾಗಿ ಓಡಿ ಬಂದು, ಹೆಲ್ಮೆಟ್ಟಿನ ಗಾಜಿಗೆ ಮೆತ್ತಿದ ಹುಳುಗಳನ್ನು ಬಟ್ಟೆಯಿಂದ ಒರೆಸುತ್ತಾನೆ. ಚಾತುರ್ಮಾಸದಲ್ಲಿ ಮುನಿಗಳು ವಿಹಾರವನ್ನೇ ನಿಲ್ಲಿಸುವುದು ಇಂಥ ಜೀವಿಗಳಿಗಾಗಿ. ವೇಗ ಇಮ್ಮಡಿಯಾದರೆ ಬ್ರೇಕ್ ಒತ್ತಿದ ಮೇಲೆ ಗಾಡಿ ಸಾಗುವ ದೂರ ಸುಮಾರು ನಾಲ್ಕು ಪಟ್ಟಾಗುತ್ತದೆ. ರಸ್ತೆಗೆ ಅಡ್ಡ ಬರುವ ಕರುವಿಗೆ, ಕುರಿಮರಿಗೆ ಆ ದೂರವೇ ಪ್ರಾಣ.

ಇದೇ ಕಾರಣದಿಂದ ಹೊಸದನ್ನು ಕೊಳ್ಳುವ ಪರವಾಗಿಯೂ ಒಂದು ಮಾತು ಹೇಳಬೇಕು. ನಮ್ಮಲ್ಲಿ 125 ಸಿಸಿ ಮೀರಿದ ಹೊಸ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಅದಕ್ಕೂ ಹಿಂದಿನ, ಎಬಿಎಸ್ ಇಲ್ಲದ ಗಾಡಿಯಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಓಡಾಡುವವರು ಬದಲಿಸುವುದನ್ನು ಲೋಭವೆನ್ನಲಾಗದು. ಆ ತರುಣರ ಬೈಕಿಗೆ ಎಬಿಎಸ್ ಇದೆ. 350 ಸಿಸಿ ಮೀರಿದ್ದಕ್ಕೆ 2025ರ ಸೆಪ್ಟೆಂಬರ್ 22ರಿಂದ ಶೇ 40ರ ಜಿಎಸ್‌ಟಿ. ಉಳಿದದ್ದು ಸಾಲದ ಕಂತು. ಈ ವರ್ಷ ಬೇಡವೆಂಬುದೇ ನಮ್ಮ ಅಭಿಪ್ರಾಯ.

ಅವರು ಪೂರ್ತಿ ಒಪ್ಪಲಿಲ್ಲ. ಹಳೆಯದಕ್ಕೆ ಹೊಸ ಟೈರು ಹಾಕಿಸಿ, ಚಾತುರ್ಮಾಸ ಮುಗಿಯುವವರೆಗೆ ಶೋರೂಮಿನ ಕಡೆಗೆ ಹೋಗುವುದಿಲ್ಲವೆಂದು ನಿಯಮ ತೆಗೆದುಕೊಂಡು ಹೋದರು.